ಲಾಕ್ ಇದ್ದರೂ ಶ್ರುತಿ ನಿಲ್ಲದ ಗಿಟಾರ್

ಪ್ರಶ್ನೆ: ನಾನು ದಾವಣಗೆರೆಯ ನಿಟ್ಟುವಳ್ಳಿಯವನು, ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ಫ್ಲಾಯ್ಡ್ ರೋಸ್ ಥರದ ಲಾಕಿಂಗ್ ಟ್ರೆಮೊಲೊ ಇದೆ, ಅಂದರೆ ಬಾರ್ ಒತ್ತಿ ಸ್ವರ ಏರಿಳಿಸುವ, ತಂತಿಗೆ ಲಾಕ್ ಇರುವ ಬ್ರಿಡ್ಜ್. ಆಗ 9ರ ಸೆಟ್, ಅಂದರೆ ತೆಳು ತಂತಿ ಇತ್ತು, ಚೆನ್ನಾಗಿಯೇ ಇತ್ತು. ಸೌಂಡ್ ದಪ್ಪ ಬರಲಿ ಅಂತ ಅದಕ್ಕಿಂತ ದಪ್ಪ ತಂತಿಯ 10ರ ಸೆಟ್ ಹಾಕಿದೆ. ಅವತ್ತಿನಿಂದ ತಲೆನೋವು. ಒಂದು ತಂತಿ ಟ್ಯೂನ್ ಮಾಡಿದರೆ ಉಳಿದ ಐದು ಹಾಳಾಗುತ್ತವೆ. ಬ್ರಿಡ್ಜ್‌ನ ಹಿಂಭಾಗ ಮೇಲೆದ್ದು ನಿಂತಿದೆ. ಹೇಗೋ ಟ್ಯೂನ್ ಮಾಡಿ ಲಾಕ್ ಹಾಕಿದರೂ ಬಾರ್ ಒಂದು ಸಲ ಒತ್ತಿದರೆ ಮತ್ತೆ ಹೋಗುತ್ತದೆ. ಗಣೇಶನ ಪೆಂಡಾಲಿನ ರಸಮಂಜರಿಯಲ್ಲಿ ಎರಡನೇ ಹಾಡಿಗೇ ಮರ್ಯಾದೆ ಹೋಯಿತು. ಲಾಕ್ ಇರುವ ಗಿಟಾರ್ ಶ್ರುತಿ ತಪ್ಪೋದು ಹೇಗೆ ಸರ್? ಒಳಗೆ ಕಟ್ಟಿಗೆ ತುರುಕಿ ಬ್ರಿಡ್ಜ್ ಅಲ್ಲಾಡದ ಹಾಗೆ ಮಾಡಿಬಿಡು ಅಂತ ಗೆಳೆಯ ಹೇಳ್ತಾನೆ. ಮಾಡಲಾ?

ಉತ್ತರ: ಉತ್ತರ ನಿಮ್ಮ ಪ್ರಶ್ನೆಯ ಒಳಗೇ ಇದೆ. '9ರ ಸೆಟ್ ಇತ್ತು, ಚೆನ್ನಾಗಿತ್ತು, 10ರ ಸೆಟ್ ಹಾಕಿದೆ' ಅಂದಿರಲ್ಲ, ಅಲ್ಲೇ ಸಿಕ್ಕಿತು. ಗಿಟಾರ್ ಕೆಟ್ಟಿಲ್ಲ. ತಕ್ಕಡಿ ಏರುಪೇರಾಗಿದೆ, ಅಷ್ಟೆ.

ತಕ್ಕಡಿ ಅಂತ ಸುಮ್ನೆ ಹೇಳಲಿಲ್ಲ. ಮಂಡಿಪೇಟೆಯಲ್ಲಿ ನಮ್ಮಪ್ಪನದು ಸಣ್ಣ ಕಿರಾಣಿ ಅಂಗಡಿ ಇತ್ತು. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ತಕ್ಕಡಿ ನೋಡುವುದು. ಎರಡೂ ತಟ್ಟೆ ಖಾಲಿ ಬಿಟ್ಟು, ಮುಳ್ಳು ನಡುವೆ ನಿಲ್ಲುತ್ತದಾ ಅಂತ ನೋಡುತ್ತಿದ್ದರು. ಆಮೇಲೆ ತೊಲೆ ಕೂರುವ ಅಲಗಿನ ಮೇಲೆ ಒಮ್ಮೆ ಉಫ್ ಅಂತ ಊದಿ ಧೂಳು ಹಾರಿಸುತ್ತಿದ್ದರು. ಆ ಊದುವುದು ಯಾಕೆ ಅಂತ ನನಗೆ ಅರ್ಥವಾಗಿದ್ದು ಇಪ್ಪತ್ತು ವರ್ಷ ಆದ ಮೇಲೆ, ಇಂಥದೇ ಒಂದು ಗಿಟಾರ್ ರಿಪೇರಿಗೆ ಕೂತಾಗ.

ನಿಮ್ಮ ಬ್ರಿಡ್ಜ್ ಅಂಥದೇ ತಕ್ಕಡಿ. ದೇಹಕ್ಕೆ ಬಡಿದು ಕೂರಿಸಿದ್ದಲ್ಲ. ಮುಂದಿನ ಅಂಚಿನಲ್ಲಿ ಎರಡು ಚೂಪಾದ ಅಲಗುಗಳಿವೆ. ಅವು ಎರಡು ಕಂಬದಂಥ ಸ್ಕ್ರೂಗಳಿಗೆ ಒರಗಿ ನಿಂತಿವೆ. ಮೇಲೆ ಒಂದು ಕಡೆಗೆ ಆರು ತಂತಿ ಎಳೆಯುತ್ತವೆ. ಹಿಂದೆ, ಮುಚ್ಚಳದ ಒಳಗೆ, ಇನ್ನೊಂದು ಕಡೆಗೆ ಸ್ಪ್ರಿಂಗ್‌ಗಳು ಎಳೆಯುತ್ತವೆ. ಎರಡೂ ಸಮ ಇದ್ದಾಗ ಬ್ರಿಡ್ಜ್ ಗಾಳಿಯಲ್ಲಿ ತೇಲಿದ ಹಾಗೆ ನಡುವೆ ನಿಲ್ಲುತ್ತದೆ.

ಈಗ ಲೆಕ್ಕ ನೋಡಿ. ಸಾಮಾನ್ಯ ಅಳತೆಯ ನೆಕ್‌ನಲ್ಲಿ, ಮಾಮೂಲಿ ಇ ಟ್ಯೂನಿಂಗ್‌ನಲ್ಲಿ, 9ರ ಸೆಟ್‌ನ ಆರು ತಂತಿಗಳ ಒಟ್ಟು ಎಳೆತ ಸುಮಾರು 38 ಕೆಜಿ. 10ರ ಸೆಟ್‌ನದು 46-47 ಕೆಜಿ. ಅಂದರೆ ನೀವು ಒಂದು ತಟ್ಟೆಗೆ ಎಂಟೊಂಬತ್ತು ಕೆಜಿ ಜಾಸ್ತಿ ಹಾಕಿದಿರಿ. ಇನ್ನೊಂದು ತಟ್ಟೆಗೆ ಏನೂ ಹಾಕಲಿಲ್ಲ. ಬ್ರಿಡ್ಜ್ ಹಿಂಭಾಗ ಮೇಲೇಳದೆ ಇನ್ನೇನು ಮಾಡುತ್ತದೆ?

ಒಂದು ತಂತಿ ಏರಿಸಿದರೆ ಉಳಿದವು ಇಳಿಯುವುದೂ ಇದೇ ಲೆಕ್ಕವೇ. ಏರಿಸಿದ ತಂತಿ ಬ್ರಿಡ್ಜನ್ನು ಒಂದು ಕೂದಲೆಳೆ ಮುಂದಕ್ಕೆ ಎಳೆಯಿತು. ಉಳಿದ ಐದು ಅಷ್ಟು ಸಡಿಲ ಆದವು. ಅವನ್ನು ಏರಿಸಿದರೆ ಮೊದಲನೆಯದು ಇಳಿಯಿತು. ಇದು ತೊಂದರೆ ಅಲ್ಲ, ಇದರ ಹುಟ್ಟುಗುಣ.

ಇನ್ನು ಲಾಕ್ ವಿಷಯ. ತುಂಬಾ ಜನಕ್ಕೆ ಇಲ್ಲೇ ಗೊಂದಲ. ಲಾಕ್ ಹಿಡಿಯುವುದು ತಂತಿಯನ್ನು, ಶ್ರುತಿಯನ್ನಲ್ಲ. ಮಾಮೂಲಿ ಗಿಟಾರ್‌ನಲ್ಲಿ ಬಾರ್ ಒತ್ತಿದಾಗ ತಂತಿ ನಟ್‌ನ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ತೋಡಿನಲ್ಲಿ ಜಾರುತ್ತದೆ, ಟ್ಯೂನಿಂಗ್ ಕೀಗೆ ಸುತ್ತಿದ ಸುರುಳಿ ಸಡಿಲವಾಗುತ್ತದೆ, ವಾಪಸ್ ಬರುವಾಗ ಮೊದಲಿನ ಜಾಗಕ್ಕೇ ಬರುವುದಿಲ್ಲ. ಫ್ಲಾಯ್ಡ್ ರೋಸ್ ಅನ್ನೋ ಅಮೆರಿಕದ ಗಿಟಾರ್ ವಾದಕನಿಗೂ 1970ರ ದಶಕದಲ್ಲಿ ಇದೇ ಕಾಟ ಇತ್ತು. ಆತ ಒಡವೆ ಮಾಡುವ ಕೆಲಸವನ್ನೂ ಮಾಡುತ್ತಿದ್ದ. ನಮ್ಮ ಅಕ್ಕಸಾಲಿಗರ ಹಾಗೆ ಸಣ್ಣ ಲೋಹದ ಕೆಲಸ ಕೈಗೆ ಹತ್ತಿತ್ತು. ಆ ಸಲಕರಣೆಗಳಲ್ಲೇ ತಂತಿಯನ್ನು ನಟ್ ಹತ್ತಿರ ಕಚ್ಚಿ ಹಿಡಿಯುವ ಹಿಡಿಕೆ ಮಾಡಿದ. 1979ರಲ್ಲಿ ಪೇಟೆಂಟ್ ಸಿಕ್ಕಿತು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹ್ಯಾಲನ್ ಕೈಗೆ ಹೋದ ಮೇಲೆ ಅದು ಊರೆಲ್ಲ ಹಬ್ಬಿತು. ಮೊದಲಿನವುಗಳಲ್ಲಿ ಬ್ರಿಡ್ಜ್ ಮೇಲೆ ಫೈನ್ ಟ್ಯೂನರ್ ಇರಲಿಲ್ಲ. ಲಾಕ್ ಹಾಕಿದ ಮೇಲೆ ಶ್ರುತಿ ಸ್ವಲ್ಪ ಹೋದರೂ ಮತ್ತೆ ಬಿಚ್ಚಬೇಕಿತ್ತು. ಆ ಆರು ಸಣ್ಣ ತಿರುಪು ಆಮೇಲೆ ಬಂದವು.

ಹಾಗಾಗಿ ಲಾಕ್ ಮಾಡುವ ಕೆಲಸ ಇಷ್ಟೇ: ನಟ್‌ನಿಂದ ಸ್ಯಾಡಲ್‌ವರೆಗೆ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ತಂತಿ ಎರಡೂ ತುದಿಯಲ್ಲಿ ಕಚ್ಚಿಕೊಂಡಿರುತ್ತದೆ, ಜಾರುವುದಿಲ್ಲ. ಆದರೆ ಸ್ಯಾಡಲ್ ಕೂತಿರುವ ಬ್ರಿಡ್ಜ್ ಸ್ವತಂತ್ರ. ಅದು ತನ್ನ ಜಾಗಕ್ಕೆ ವಾಪಸ್ ಬರದಿದ್ದರೆ ಲಾಕ್ ಏನು ಮಾಡೀತು?

ಈಗ ರಿಪೇರಿ. ಒಂದು ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ, ಸಂಜೆ ಕಾರ್ಯಕ್ರಮ ಇಟ್ಟುಕೊಂಡು ಕೂರಬೇಡಿ. ಬೇಕಾದ್ದು: ಅಲೆನ್ ಕೀಗಳು (ನಟ್‌ಗೆ ಮತ್ತು ಸ್ಯಾಡಲ್ ಹಿಡಿಕೆಗೆ ಸಾಮಾನ್ಯವಾಗಿ 3 ಎಂ.ಎಂ. ಬರುತ್ತದೆ), ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಟಾರ್ ಸ್ಕ್ರೂಡ್ರೈವರ್, ಟ್ಯೂನರ್, ಟವೆಲ್, ಒಂದಿಷ್ಟು ಐಸ್‌ಕ್ರೀಂ ಕಡ್ಡಿ. ಕಡ್ಡಿ ಯಾಕೆ ಅಂತ ಹೇಳ್ತೀನಿ.

ಮೊದಲು ನೆಕ್ ನೋಡಿ. ದಪ್ಪ ತಂತಿ ನೆಕ್ಕನ್ನೂ ಮುಂದಕ್ಕೆ ಬಾಗಿಸಿರುತ್ತದೆ. ತಂತಿ ಶ್ರುತಿಯ ಹತ್ತಿರ ಇರುವಾಗ, ದಪ್ಪ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಮತ್ತು ಕೊನೆಯ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ತಂತಿಯ ಅಡಿಗೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗ ಇದ್ದರೆ ಸಾಕು. ತುಂಬಾ ಜಾಸ್ತಿ ಇದ್ದರೆ ನೆಕ್ ಒಳಗಿನ ಸರಳನ್ನು, ಅಂದರೆ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಧೈರ್ಯ ಸಾಲದಿದ್ದರೆ ಇದೊಂದನ್ನು ಕೈ ಪಳಗಿದವರ ಹತ್ತಿರ ಮಾಡಿಸಿ. ನೆಕ್ ಆಮೇಲೆ ನೋಡೋಣ ಅಂದರೆ ಬ್ರಿಡ್ಜ್ ಕೆಲಸ ಎರಡೆರಡು ಸಲ ಮಾಡಬೇಕಾಗುತ್ತದೆ.

ಈಗ ನಟ್‌ನ ಮೂರು ಲಾಕ್ ತುಂಡುಗಳನ್ನು ಬಿಚ್ಚಿ ಒಂದು ಬಟ್ಟಲಲ್ಲಿ ಇಡಿ. ತಂತಿಗಳನ್ನು ಸಡಿಲ ಮಾಡಿ. ಗಿಟಾರ್ ಮಗುಚಿ ಟವೆಲ್ ಮೇಲೆ ಮಲಗಿಸಿ, ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಒಳಗೆ ಮೂರು ಸ್ಪ್ರಿಂಗ್ ಕಾಣುತ್ತವೆ. ಅವುಗಳ ಒಂದು ತುದಿ ನೆಕ್ ಕಡೆ ಇರುವ ಪಂಜದಂಥ ತಗಡಿಗೆ ಸಿಕ್ಕಿಸಿದೆ. ಆ ತಗಡನ್ನು ಎರಡು ಉದ್ದ ಸ್ಕ್ರೂ ಮರಕ್ಕೆ ಹಿಡಿದಿವೆ. ಇನ್ನೊಂದು ತುದಿ ಬ್ರಿಡ್ಜ್‌ನಿಂದ ಕೆಳಗಿಳಿದ ದಪ್ಪ ಲೋಹದ ಗಟ್ಟಿಗೆ ಸಿಕ್ಕಿಸಿದೆ. ಆ ಗಟ್ಟಿಯನ್ನು ಗಮನಿಸಿ. ತಂತಿಗಳ ಎಳೆತ ಗೆದ್ದರೆ ಅದು ಗಿಟಾರ್‌ನ ಬಾಲದ ಕಡೆಗೆ, ಅಂದರೆ ಬೆಲ್ಟ್ ಸಿಕ್ಕಿಸುವ ಗುಂಡಿಯ ಕಡೆಗೆ ಹೋಗುತ್ತದೆ. ಸ್ಪ್ರಿಂಗ್ ಗೆದ್ದರೆ ನೆಕ್ ಕಡೆಗೆ ಬರುತ್ತದೆ.

ಕಡ್ಡಿ ಬರುವುದು ಇಲ್ಲಿ. ಗಟ್ಟಿಗೂ ಬಾಲದ ಕಡೆಯ ಮರದ ಗೋಡೆಗೂ ನಡುವೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ತುರುಕಿ. ಎಷ್ಟು ಕಡ್ಡಿ? ಬ್ರಿಡ್ಜ್ ಎದ್ದು ಬಂದು ಕಡ್ಡಿಗೆ ತಾಗಿ ನಿಂತಾಗ, ಪಕ್ಕದಿಂದ ನೋಡಿದರೆ ಬ್ರಿಡ್ಜ್‌ನ ತಗಡು ಗಿಟಾರ್‌ನ ಮೈಗೆ ಸಮಾನಾಂತರ ಇರಬೇಕು. ಮುಂದೆ ಎಷ್ಟು ಎತ್ತರವೋ ಹಿಂದೆಯೂ ಅಷ್ಟೇ. ಸ್ಕೇಲ್ ಇಟ್ಟು ಅಳೆಯಿರಿ, ಕಣ್ಣಂದಾಜು ಬೇಡ. ಕಡ್ಡಿ ದಪ್ಪ ಸಾಲದಿದ್ದರೆ ಇಸ್ಪೀಟಿನ ಎಲೆ ಒಂದೆರಡು ಸೇರಿಸಿ.

ಹೀಗೆ ಆನಿಸಿದ ಮೇಲೆ ಗಿಟಾರ್ ತಿರುಗಿಸಿ ತಂತಿಗಳನ್ನು ಟ್ಯೂನ್ ಮಾಡಿ. ಬ್ರಿಡ್ಜ್ ಈಗ ಮುಂದಕ್ಕೆ ಹೋಗಲು ಆಗುವುದಿಲ್ಲ, ಕಡ್ಡಿ ತಡೆದಿದೆ. ಹಾಗಾಗಿ ಒಂದು ತಂತಿ ಏರಿಸಿದರೆ ಇನ್ನೊಂದು ಇಳಿಯುವ ಕಾಟ ಇಲ್ಲ. ಟ್ಯೂನ್ ಮಾಡುವಾಗ ಫೈನ್ ಟ್ಯೂನರ್‌ಗಳು ಆರೂ ನಡುವೆ ಇರಲಿ. ಪೂರ್ತಿ ಒಳಗೆ ಹೋಗಿದ್ದರೆ ಆಮೇಲೆ ಏರಿಸಲು ಜಾಗ ಇರುವುದಿಲ್ಲ.

ಆರೂ ತಂತಿ ಶ್ರುತಿಗೆ ಬಂದ ಮೇಲೆ, ಪಂಜದ ಎರಡೂ ಸ್ಕ್ರೂಗಳನ್ನು ಅರ್ಧ ಅರ್ಧ ಸುತ್ತು ಬಿಗಿ ಮಾಡುತ್ತಾ ಹೋಗಿ. ಒಂದಕ್ಕೆ ಅರ್ಧ, ಇನ್ನೊಂದಕ್ಕೆ ಅರ್ಧ. ಪ್ರತಿ ಸಲವೂ ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಮೊದಲು ಕಲ್ಲಿನ ಹಾಗೆ ಸಿಕ್ಕಿಕೊಂಡಿರುತ್ತದೆ. ಆಮೇಲೆ ಸ್ವಲ್ಪ ಮಿಸುಕುತ್ತದೆ. ಒಂದು ಹಂತದಲ್ಲಿ ಸುಮ್ನೆ ಎಳೆದರೆ ಕೈಗೆ ಬಂದುಬಿಡುತ್ತದೆ. ನಿಲ್ಲಿಸಿ. ಸ್ಪ್ರಿಂಗ್‌ನ ಎಳೆತ ತಂತಿಯ ಎಳೆತಕ್ಕೆ ಸಮ ಆದ ಗಳಿಗೆ ಅದು. ಟ್ಯೂನರ್ ಹಾಕಿ ನೋಡಿ, ಆರೂ ತಂತಿ ಹೆಚ್ಚು ಕಡಿಮೆ ಅಲ್ಲೇ ಇರುತ್ತವೆ. ಎಲ್ಲವೂ ಸ್ವಲ್ಪ ಏರಿದ್ದರೆ ಸ್ಕ್ರೂ ಒಂದು ಚೂರು ವಾಪಸ್ ಬಿಡಿ. ನಾನು ಇದನ್ನು ನೂರಾರು ಸಲ ಮಾಡಿರಬಹುದು, ಕಡ್ಡಿ ಸಡಿಲ ಆಗುವ ಆ ಕ್ಷಣ ಇವತ್ತಿಗೂ ಖುಷಿ ಕೊಡುತ್ತದೆ.

ಸ್ಕ್ರೂ ಪೂರ್ತಿ ಒಳಗೆ ಹೋದರೂ ಕಡ್ಡಿ ಸಡಿಲ ಆಗದಿದ್ದರೆ ಮೂರು ಸ್ಪ್ರಿಂಗ್ ಸಾಲುತ್ತಿಲ್ಲ ಅಂತ ಅರ್ಥ. ನಾಲ್ಕನೆಯದು ಹಾಕಿ, ಸ್ಕ್ರೂ ಮತ್ತೆ ಸಡಿಲ ಬಿಟ್ಟು ಮೊದಲಿಂದ ಶುರು ಮಾಡಿ. 10ರ ಸೆಟ್‌ಗೆ ಸಾಮಾನ್ಯವಾಗಿ ಮೂರೇ ಸಾಕಾಗುತ್ತವೆ, ಹಳೇ ಸ್ಪ್ರಿಂಗ್ ಸೋತಿದ್ದರೆ ಮಾತ್ರ ನಾಲ್ಕು.

ಮುಂದಿನದು ಎಲ್ಲರೂ ಹಾರಿಸಿಬಿಡುವ ಕೆಲಸ: ತಂತಿ ಎಳೆಯುವುದು. ಹೊಸ ತಂತಿ ತಾನಾಗಿ ಎರಡು ದಿನ ಹಿಗ್ಗುತ್ತಾ ಇರುತ್ತದೆ. ಅಷ್ಟರಲ್ಲಿ ಲಾಕ್ ಹಾಕಿದರೆ ಆ ಹಿಗ್ಗುವುದೆಲ್ಲ ಲಾಕ್‌ನ ಈಚೆಗೇ ಆಗುತ್ತದೆ, ಫೈನ್ ಟ್ಯೂನರ್ ಒಂದೇ ಸಂಜೆಗೆ ಮುಗಿದುಹೋಗುತ್ತದೆ. ಲಾಕ್ ಹಾಕುವ ಮೊದಲು ಪ್ರತಿ ತಂತಿಯನ್ನು ಹನ್ನೆರಡನೇ ಫ್ರೆಟ್ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ, ಬಿಡಿ, ಟ್ಯೂನ್ ಮಾಡಿ. ಮತ್ತೆ ಎಳೆಯಿರಿ. ಮೂರ್ನಾಲ್ಕು ಸಲ ಆದ ಮೇಲೆ ಎಳೆದರೂ ಶ್ರುತಿ ಇಳಿಯದಿದ್ದರೆ ಆ ತಂತಿ ಸಿದ್ಧ. ಶ್ಯಾವಿಗೆ ಎಳೆದಷ್ಟು ನಾಜೂಕೂ ಬೇಡ, ಬಾವಿ ಹಗ್ಗ ಎಳೆದಷ್ಟು ಜೋರೂ ಬೇಡ.

ಆಮೇಲೆ ಲಾಕ್. ಹಾಕುವಾಗ ಒಂದು ಪರೀಕ್ಷೆ ಮಾಡಿ. ಲಾಕ್ ಬಿಗಿ ಮಾಡಿದ ಕೂಡಲೇ ಅದರ ಅಡಿಯ ಎರಡು ತಂತಿಯ ಶ್ರುತಿ ಏರುತ್ತದಾ? ಏರಿದರೆ ನಟ್ ಮತ್ತು ಟ್ಯೂನಿಂಗ್ ಕೀಗಳ ನಡುವೆ ಇರುವ ಅಡ್ಡ ಪಟ್ಟಿ ನೋಡಿ. ತಂತಿಗಳನ್ನು ಕೆಳಕ್ಕೆ ಅದುಮಿ, ನಟ್‌ನ ಮೇಲ್ಮೈಗೆ ಪೂರ್ತಿ ತಾಗಿ ಮಲಗುವ ಹಾಗೆ ಮಾಡುವುದು ಅದರ ಕೆಲಸ. ಅದು ಎತ್ತರ ಇದ್ದರೆ ತಂತಿ ನಟ್ ಮೇಲೆ ಸ್ವಲ್ಪ ಎದ್ದಿರುತ್ತದೆ, ಲಾಕ್ ಬಂದು ಅದನ್ನು ಬಗ್ಗಿಸಿ ಏರಿಸುತ್ತದೆ. ಪಟ್ಟಿಯ ಎರಡು ಸ್ಕ್ರೂ ಸ್ವಲ್ಪ ಇಳಿಸಿದರೆ ಮುಗಿಯಿತು.

ಬಿಗಿ ಎಷ್ಟು? ಅಲೆನ್ ಕೀಯನ್ನು ಎರಡು ಬೆರಳಲ್ಲಿ ಹಿಡಿದು, ತಿರುಗುವುದು ನಿಂತ ಮೇಲೆ ಇನ್ನೊಂದು ಚೂರು. ಲಾರಿ ಚಕ್ರದ ನಟ್ ಅಲ್ಲ ಅದು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಶುರುವಿನಲ್ಲಿ ಒಂದು ಅಗ್ಗದ ಗಿಟಾರ್‌ನಲ್ಲಿ ತಂತಿ ಜಾರಬಾರದು ಅಂತ ಸ್ಯಾಡಲ್ ಹಿಡಿಕೆಯನ್ನು ಇಕ್ಕಳದ ಹಿಡಿ ಸೇರಿಸಿ ತಿರುಗಿಸಿದೆ. ಟಕ್ ಅಂತ ಸದ್ದು ಬಂತು. ಸ್ಯಾಡಲ್ ಬಿರಿದಿತ್ತು. ಗಿಟಾರ್ ನನ್ನದಲ್ಲ, ರಿಪೇರಿಗೆ ಬಂದಿದ್ದು. ಹೊಸ ಸ್ಯಾಡಲ್ ಬರುವ ತನಕ ಆ ಹುಡುಗನಿಗೆ ನನ್ನ ಗಿಟಾರ್ ಕೊಟ್ಟಿದ್ದೆ. ಕಡಿಮೆ ಬೆಲೆಯ ಬ್ರಿಡ್ಜ್‌ಗಳಲ್ಲಿ ಸ್ಯಾಡಲ್ ಸತುವಿನ ಮಿಶ್ರಲೋಹದ್ದು ಇರುತ್ತದೆ, ಉಕ್ಕಿನಷ್ಟು ತಾಳುವುದಿಲ್ಲ. ಫ್ಲಾಯ್ಡ್ ರೋಸ್ ಸ್ಪೆಷಲ್ ಅಂತ ಬರುವುದರಲ್ಲೂ ಹಾಗೇ. ಅದು ಕೆಟ್ಟ ಬ್ರಿಡ್ಜ್ ಅಂತ ಹೇಳುತ್ತಿಲ್ಲ, ಕೈ ಹಗುರ ಇರಲಿ ಅಂತ ಹೇಳುತ್ತಿದ್ದೇನೆ.

ಇಷ್ಟು ಮಾಡಿದರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಹೋಗುತ್ತದೆ. ಉಳಿದ ಕಾಲು ಪಾಲು ಇದೆಯಾ ಅಂತ ಬಾರ್ ಹೇಳುತ್ತದೆ. ಕೇಳುವ ರೀತಿ ಗೊತ್ತಿರಬೇಕು.

ಎಲ್ಲ ಲಾಕ್ ಆದ ಮೇಲೆ ಟ್ಯೂನರ್ ಹಾಕಿ. ಬಾರ್ ಕೆಳಕ್ಕೆ ಒತ್ತಿ, ತಂತಿ ಜೋತು ಬೀಳುವಷ್ಟು ಒತ್ತಿ, ಮೆಲ್ಲಗೆ ಬಿಡಿ. ಆರೂ ತಂತಿ ನೋಡಿ ಬರೆದುಕೊಳ್ಳಿ. ಆಮೇಲೆ ಬಾರ್ ಮೇಲಕ್ಕೆ ಎಳೆದು ಬಿಟ್ಟು ಮತ್ತೆ ನೋಡಿ.

ಒತ್ತಿ ಬಿಟ್ಟ ಮೇಲೆ ಆರೂ ತಂತಿ ಒಟ್ಟಿಗೆ ಸ್ವಲ್ಪ ಇಳಿದಿದ್ದು, ಎಳೆದು ಬಿಟ್ಟ ಮೇಲೆ ಆರೂ ಸ್ವಲ್ಪ ಏರಿದ್ದರೆ, ಬ್ರಿಡ್ಜ್ ಪೂರ್ತಿ ವಾಪಸ್ ಬರುತ್ತಿಲ್ಲ. ಅಲಗಿನಲ್ಲಿ ತಡೆ ಇದೆ. ಅದರ ಬದಲು ಒಂದೆರಡು ತಂತಿ ಮಾತ್ರ ತಪ್ಪಿ, ಅವೂ ಉಲ್ಟಾ ಹೋದರೆ, ಅಂದರೆ ಒತ್ತಿ ಬಿಟ್ಟಾಗ ಏರಿ ಎಳೆದು ಬಿಟ್ಟಾಗ ಇಳಿದರೆ, ಅವು ನಟ್‌ನ ಲಾಕ್ ಅಡಿಯಲ್ಲಿ ಜಾರುತ್ತಿವೆ. ಒತ್ತಿದಾಗ ಈಚೆ ಸಡಿಲ ಆದ ತಂತಿಯನ್ನು ಆಚೆ ಕಡೆ ಬಿಗಿಯಾಗಿರುವ ಭಾಗ ತನ್ನತ್ತ ಎಳೆದುಕೊಳ್ಳುತ್ತದೆ, ಅದಕ್ಕೇ ವಾಪಸ್ ಬಂದಾಗ ಏರಿರುತ್ತದೆ. ಇನ್ನೊಂದು ಇದೆ: ಬಾರ್ ಮುಟ್ಟಲಿ ಬಿಡಲಿ, ಒಂದು ತಂತಿ ಮಾತ್ರ ದಿನವಿಡೀ ಇಳಿಯುತ್ತಲೇ ಇದ್ದರೆ ಅದು ಸ್ಯಾಡಲ್ ಹಿಡಿಕೆಯಿಂದ ಜಾರುತ್ತಿದೆ. ಈ ಮೂರನ್ನು ಗುರುತಿಸಲು ಬಂದರೆ ನೀವು ಅರ್ಧ ರಿಪೇರಿಗಾರ ಆದಿರಿ. ತುಂಬಾ ಜನ ಎಲ್ಲದಕ್ಕೂ ನಟ್ ಲಾಕ್ ಇನ್ನೂ ಬಿಗಿ ಮಾಡುತ್ತಾ ಹೋಗುತ್ತಾರೆ, ಅಲಗಿನ ತಡೆಗೂ ಅದಕ್ಕೂ ಸಂಬಂಧವೇ ಇಲ್ಲ.

ಲಾಕ್ ಅಡಿ ಜಾರುತ್ತಿದ್ದರೆ ಆ ಲಾಕ್ ತುಂಡನ್ನು ಮಗುಚಿ ನೋಡಿ. ತಂತಿ ಕೂತು ಕೂತು ಗೀರು ಬಿದ್ದಿರುತ್ತದೆ. ಆಳವಾಗಿದ್ದರೆ ಬದಲಿಸಿ, ಸಣ್ಣ ಸಾಮಾನು. ನಟ್ಟನ್ನೇ ನೆಕ್‌ಗೆ ಹಿಡಿದಿರುವ ಎರಡು ಸ್ಕ್ರೂ ಸಡಿಲ ಇದೆಯಾ ಅಂತಲೂ ನೋಡಿ. ಸೆಕೆಂಡ್ ಹ್ಯಾಂಡ್ ಗಿಟಾರ್‌ಗಳಲ್ಲಿ ಇದು ಎಷ್ಟೋ ಸಲ ಸಿಗುತ್ತದೆ, ಯಾರೂ ನೋಡಿರುವುದಿಲ್ಲ. ಸ್ಯಾಡಲ್‌ನಿಂದ ಜಾರುವ ದಪ್ಪ ತಂತಿಗೆ ಕಾರಣ ಹೆಚ್ಚಾಗಿ ಕತ್ತರಿಸಿದ ಜಾಗ. ತಂತಿಯ ತುದಿಯ ಗುಂಡು ಕತ್ತರಿಸಿ ಹಿಡಿಕೆಗೆ ಕೊಡುತ್ತೇವೆ; ಆ ಗುಂಡಿನ ಹತ್ತಿರ ತಂತಿ ತಿರುಚಿ ದಪ್ಪ ಆಗಿರುತ್ತದಲ್ಲ, ಆ ತಿರುಚು ಪೂರ್ತಿ ಹೋಗುವ ಹಾಗೆ ಕತ್ತರಿಸಬೇಕು. ಅದನ್ನೇ ಹಿಡಿಕೆಗೆ ಕೊಟ್ಟರೆ ಹಿಡಿತ ಕೂರುವುದಿಲ್ಲ.

ಅಲಗಿನ ತಡೆ ಇದ್ದರೆ ಕೆಲಸ ಜಾಸ್ತಿ. ತಂತಿ ಪೂರ್ತಿ ಸಡಿಲ ಮಾಡಿ, ಸ್ಪ್ರಿಂಗ್ ಬಿಚ್ಚಿ, ಬ್ರಿಡ್ಜ್ ಹೊರಗೆ ತೆಗೆಯಿರಿ. ಎರಡು ಅಲಗನ್ನೂ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗೆರೆ ನೇರವಾಗಿ ಚೂಪಾಗಿರಬೇಕು. ಮೊಂಡಾಗಿದ್ದರೆ, ಹಲ್ಲು ಬಿದ್ದಿದ್ದರೆ ಅಲ್ಲೇ ತೊಂದರೆ. ಕಂಬದ ಸ್ಕ್ರೂಗಳ ಕುತ್ತಿಗೆಯಲ್ಲೂ ಅಲಗು ಕೊರೆದ ಗುರುತು ಇರಬಹುದು. ಹಾಗಿದ್ದರೆ ಸ್ಕ್ರೂವನ್ನು ಸ್ವಲ್ಪ ತಿರುಗಿಸಿ, ಅಲಗಿಗೆ ಹೊಸ ಜಾಗ ಸಿಗುವ ಹಾಗೆ ಮಾಡಿ. ಇದನ್ನು ತಂತಿ ಸಡಿಲ ಇರುವಾಗಲೇ ಮಾಡಬೇಕು. ತಂತಿ ಬಿಗಿ ಇರುವಾಗ ಎತ್ತರ ಸರಿ ಮಾಡಲು ಹೋಗಿ ಈ ಸ್ಕ್ರೂ ತಿರುಗಿಸಿದರೆ ಅಲಗು ಉಕ್ಕಿನ ಮೇಲೆ ತೇಯುತ್ತದೆ. ಅಲಗು ಮೊಂಡಾಗುವುದು ಹೆಚ್ಚಾಗಿ ಹೀಗೇ.

ಅಪ್ಪ ಉಫ್ ಅಂತ ಊದುತ್ತಿದ್ದದ್ದು ಈ ಜಾಗಕ್ಕೇ. ಅಲಗಿನಲ್ಲಿ ಬೆಲ್ಲದ ಪುಡಿ ಕೂತರೆ ಮುಳ್ಳು ಪ್ರತಿ ಸಲ ಒಂದೊಂದು ಕಡೆ ನಿಲ್ಲುತ್ತಿತ್ತು, ಗಿರಾಕಿ ಅನುಮಾನದಿಂದ ನೋಡುತ್ತಿದ್ದ. ಬ್ರಿಡ್ಜ್‌ನಲ್ಲಿ ಬೆವರಿನ ಉಪ್ಪು ಮತ್ತು ಧೂಳು ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬೆಂಕಿಕಡ್ಡಿ ತುದಿಯಲ್ಲಿ ಬರುವಷ್ಟು ವ್ಯಾಸಲೀನ್ ಹಚ್ಚಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಉಳಿದ ದಿನ ಧೂಳು ಹಿಡಿಯುತ್ತದೆ. ಹಾಕಿದವರನ್ನು ನೋಡಿದ್ದೇನೆ.

ತಂತಿಯ ದಪ್ಪ ಬದಲಾಗಿರುವುದರಿಂದ ಇಂಟೋನೇಷನ್, ಅಂದರೆ ನೆಕ್‌ನ ಉದ್ದಕ್ಕೂ ಸ್ವರ ಸರಿ ಬರುತ್ತದಾ ಅನ್ನುವುದನ್ನೂ ಒಮ್ಮೆ ನೋಡಿ. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ (ಒತ್ತದೆ ಬೆರಳು ಸುಮ್ನೆ ತಾಗಿಸಿ ನುಡಿಸಿದ ಸ್ವರ) ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಹೋಗಬೇಕು, ಇಳಿದಿದ್ದರೆ ಮುಂದಕ್ಕೆ. ಈ ಬ್ರಿಡ್ಜ್‌ನಲ್ಲಿ ಅದನ್ನು ಮಾಡಲು ಪ್ರತಿ ಸಲ ತಂತಿ ಸಡಿಲ ಮಾಡಿ, ಸಣ್ಣ ಸ್ಕ್ರೂ ಬಿಚ್ಚಿ, ಕೈಯಿಂದ ದೂಡಿ, ಮತ್ತೆ ಟ್ಯೂನ್ ಮಾಡಬೇಕು. ತಾಳ್ಮೆ ಬೇಕು, ಬೇರೇನೂ ಬೇಡ.

ಮುಂದೆ ತಂತಿ ಬದಲಿಸುವಾಗ ಆರೂ ಒಟ್ಟಿಗೆ ಬಿಚ್ಚಬೇಡಿ, ಒಂದೊಂದೇ ಬದಲಿಸಿ. ಅದೇ ದಪ್ಪದ ಸೆಟ್ ಹಾಕಿದರೆ ಸ್ಪ್ರಿಂಗ್ ಮುಟ್ಟುವ ಕೆಲಸವೇ ಬರುವುದಿಲ್ಲ. ಎಲ್ಲ ಬಿಚ್ಚಿ ಒರೆಸಲೇಬೇಕು ಅಂದರೆ ಬ್ರಿಡ್ಜ್‌ನ ಹಿಂಭಾಗದ ಅಡಿಗೆ ಮಡಚಿದ ಬಟ್ಟೆ ಇಡಿ, ಇಲ್ಲದಿದ್ದರೆ ಸ್ಪ್ರಿಂಗ್ ಎಳೆದು ಅದು ಮುಗ್ಗರಿಸಿ ಬೀಳುತ್ತದೆ. ಇನ್ನೊಂದು ಕೈಚಳಕ ಇದೆ. ತಂತಿಯನ್ನು ಉಲ್ಟಾ ಹಾಕಿ. ಗುಂಡು ಟ್ಯೂನಿಂಗ್ ಕೀ ಕಡೆ ಇರಲಿ, ಬರೀ ತುದಿ ಸ್ಯಾಡಲ್‌ಗೆ ಹೋಗಲಿ. ಕೀಗೆ ನಾಲ್ಕು ಸುತ್ತು ಜಾಸ್ತಿ ಸುತ್ತಿಡಿ. ಸ್ಯಾಡಲ್ ಹತ್ತಿರ ತಂತಿ ತುಂಡಾದರೆ ಆ ಸುತ್ತು ಬಿಚ್ಚಿ ಅದೇ ತಂತಿಯನ್ನು ಮತ್ತೆ ಸಿಕ್ಕಿಸಬಹುದು. ದಾವಣಗೆರೆಯಲ್ಲಿ ರಾತ್ರಿ ಹತ್ತು ಗಂಟೆಗೆ ತಂತಿ ಎಲ್ಲಿ ಹುಡುಕ್ತೀರಿ?

ಹವಾಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 38 ಡಿಗ್ರಿಯ ಆಸುಪಾಸು ಹೋಗುತ್ತದೆ, ಮರ ಒಣಗುತ್ತದೆ. ಮಳೆಗಾಲದಲ್ಲಿ ಹಸಿ ಹೀರುತ್ತದೆ. ನೆಕ್ ಒಂಚೂರು ಅಲ್ಲಾಡಿದರೂ ತಕ್ಕಡಿ ಅಲ್ಲಾಡುತ್ತದೆ. ವರ್ಷಕ್ಕೆ ಎರಡು ಸಲ, ಯುಗಾದಿ ಹೊತ್ತಿಗೆ ಒಮ್ಮೆ, ಗಣೇಶನ ಹಬ್ಬಕ್ಕೆ ಮೊದಲು ಒಮ್ಮೆ, ಬ್ರಿಡ್ಜ್ ಸಮ ಇದೆಯಾ ನೋಡಿ. ಕಾರ್ಯಕ್ರಮದ ದಿನ ಗಿಟಾರನ್ನು ಅರ್ಧ ಗಂಟೆ ಮೊದಲೇ ಸ್ಟೇಜ್ ಮೇಲೆ ಲೈಟ್ ಬೆಳಕಿಗೆ ಇಟ್ಟು, ಆಮೇಲೆ ಟ್ಯೂನ್ ಮಾಡಿ. ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ.

ಈಗ ನಿಮ್ಮ ಗೆಳೆಯನ ಮಾತಿಗೆ ಬರುತ್ತೇನೆ. ಅವನು ಹೇಳಿದ್ದು ಪೂರ್ತಿ ತಪ್ಪಲ್ಲ. ನಿಮ್ಮ ತೊಂದರೆಗೆ ಅದು ಮದ್ದಲ್ಲ, ಆದರೆ ನಿಮ್ಮ ಕೆಲಸಕ್ಕೆ ಅದು ಬೇಕಾಗಬಹುದು.

ಹರಿಹರದಲ್ಲಿ ಒಂದು ರಾಜ್ಯೋತ್ಸವದ ರಸಮಂಜರಿ. ನಾನು ಇಂಥದೇ ತೇಲುವ ಬ್ರಿಡ್ಜ್‌ನ ಗಿಟಾರ್ ಒಯ್ದಿದ್ದೆ, ಸ್ವಲ್ಪ ಜಂಬಕ್ಕೇ ಅನ್ನಿ. ಮೂರನೇ ಹಾಡಿನ ಮಧ್ಯೆ ಸಣ್ಣ ಇ ತಂತಿ ಹರಿಯಿತು. ಮಾಮೂಲಿ ಗಿಟಾರ್ ಆಗಿದ್ದರೆ ಐದು ತಂತಿಯಲ್ಲಿ ಹೇಗೋ ತಳ್ಳಬಹುದಿತ್ತು. ಇಲ್ಲಿ ಒಂದು ತಂತಿ ಹೋದ ಕೂಡಲೇ ತಟ್ಟೆಯಲ್ಲಿ ಭಾರ ಕಡಿಮೆ ಆಯಿತು, ಸ್ಪ್ರಿಂಗ್ ಗೆದ್ದಿತು, ಉಳಿದ ಐದೂ ಏರಿಬಿಟ್ಟವು. ಗಾಯಕ ಹಾಡುತ್ತಲೇ ನನ್ನ ಕಡೆ ತಿರುಗಿ ನೋಡಿದ ನೋಟ ಮರೆತಿಲ್ಲ. ವಾಲ್ಯೂಮ್ ಸೊನ್ನೆಗೆ ಇಳಿಸಿ, ಹಾಡು ಮುಗಿಯುವ ತನಕ ಬೆರಳು ಆಡಿಸುತ್ತಾ ನಿಂತೆ. ಕೀಬೋರ್ಡ್‌ನವರು ಕಾಪಾಡಿದರು.

ತೇಲುವ ಬ್ರಿಡ್ಜ್‌ಗೆ ಬೇರೆ ಗುಣಗಳೂ ಇವೆ, ಅವನ್ನು ಯಾವ ರಿಪೇರಿಯೂ ತೆಗೆಯುವುದಿಲ್ಲ. ಒಂದು ತಂತಿ ಬೆಂಡ್ ಮಾಡಿದರೆ, ಅಂದರೆ ಬೆರಳಲ್ಲಿ ಪಕ್ಕಕ್ಕೆ ದೂಡಿ ಸ್ವರ ಏರಿಸಿದರೆ, ಜೊತೆಯಲ್ಲಿ ಬಾರಿಸುವ ಇನ್ನೊಂದು ತಂತಿ ಇಳಿಯುತ್ತದೆ. ಅಂಗೈ ಬ್ರಿಡ್ಜ್ ಮೇಲೆ ಊರಿದರೆ ಎಲ್ಲ ತಂತಿ ಏರುತ್ತವೆ. ಪೆಂಡಾಲಿನಲ್ಲಿ ನಿಮ್ಮ ಶ್ರುತಿ ಹೋಗಿದ್ದರಲ್ಲಿ ಇದರ ಪಾಲೂ ಇರಬಹುದು, ಹೆದರಿಕೆಯಲ್ಲಿ ಕೈ ಭಾರ ಆಗುತ್ತದೆ. ಗಾಯಕಿ ಬಂದು ಅರ್ಧ ಸ್ವರ ಕೆಳಗೆ ಹಾಡ್ತೀನಿ ಅಂದರೆ ಟ್ಯೂನಿಂಗ್ ಇಳಿಸಿಕೊಳ್ಳುವ ಮಾತಂತೂ ಬಿಡಿ.

ಹಾಗಾಗಿ ನಿಮ್ಮನ್ನು ಒಂದೇ ಕೇಳುತ್ತೇನೆ: ಬಾರ್ ಮೇಲಕ್ಕೆ ಎಳೆದು ಬಾರಿಸುವುದು ನಿಮಗೆ ಬೇಕಾ? ಇಡೀ ರಾತ್ರಿಯ ಹಾಡುಗಳಲ್ಲಿ ಎಷ್ಟು ಸಲ ಎಳೆದಿರಿ? ರಸಮಂಜರಿಗೆ ಬಾರಿಸುವ ಹೆಚ್ಚಿನವರು ಬಾರ್ ಒತ್ತುತ್ತಾರೆ, ಎಳೆಯುವುದಿಲ್ಲ. ನೀವೂ ಹಾಗೇ ಇದ್ದರೆ ಎರಡೂ ಕಡೆ ಕಟ್ಟಿಗೆ ತುರುಕುವುದು ಬೇಡ, ಒಂದೇ ಕಡೆ ಸಾಕು. ಲೋಹದ ಗಟ್ಟಿಗೂ ನೆಕ್ ಕಡೆಯ ಮರಕ್ಕೂ ನಡುವೆ ಸರಿಯಾಗಿ ಕೂರುವ ಒಂದು ಗಟ್ಟಿ ಮರದ ತುಂಡು ಹಾಕಿ. ಯಾವ ಬಡಗಿಯೂ ಹತ್ತು ನಿಮಿಷದಲ್ಲಿ ಉಜ್ಜಿ ಕೊಡುತ್ತಾನೆ. ಬ್ರಿಡ್ಜ್ ಸಮ ಇರುವಾಗ ಆ ತುಂಡು ಗಟ್ಟಿಗೆ ತಾಗಿರಬೇಕು. ಆಮೇಲೆ ಸ್ಪ್ರಿಂಗ್ ಸ್ಕ್ರೂ ಒಂದೆರಡು ಸುತ್ತು ಜಾಸ್ತಿ ಬಿಗಿ ಮಾಡಿ, ಗಟ್ಟಿ ಮರಕ್ಕೆ ಒತ್ತಿಕೊಂಡು ನಿಲ್ಲಲಿ. ಈಗ ಬಾರ್ ಒತ್ತಬಹುದು, ಎಳೆಯಲು ಬರುವುದಿಲ್ಲ. ಬಿಟ್ಟ ತಕ್ಷಣ ಮರಕ್ಕೆ ಬಂದು ತಾಗುತ್ತದೆ, ಪ್ರತಿ ಸಲ ಅದೇ ಜಾಗ. ಅಂಗೈ ಊರಿದರೆ ಶ್ರುತಿ ಏರುವುದಿಲ್ಲ. ತಂತಿ ಹರಿದರೂ ಉಳಿದ ಐದು ನಿಲ್ಲುತ್ತವೆ. ನಾನು ಹರಿಹರದಿಂದ ವಾಪಸ್ ಬಂದ ವಾರವೇ ಇದನ್ನು ಮಾಡಿದೆ. ಆ ತೇಗದ ತುಂಡು ಇನ್ನೂ ಅದೇ ಗಿಟಾರ್‌ನಲ್ಲಿದೆ. ಮನೆಯಲ್ಲಿ ಆಸೆಗೆ ಬಾರಿಸಲು ಇನ್ನೊಂದನ್ನು ತೇಲುವ ಹಾಗೇ ಬಿಟ್ಟಿದ್ದೇನೆ.

ಆದರೆ ಮೊದಲು ಒಂದು ತಿಂಗಳು ತುಂಡು ಹಾಕದೆ ಬಾರಿಸಿ ನೋಡಿ. ಸಮ ಮಾಡಿದ ಬ್ರಿಡ್ಜ್ ಹೇಗಿರುತ್ತದೆ ಅಂತ ನಿಮಗೆ ಇನ್ನೂ ಗೊತ್ತಿಲ್ಲ. ಬಾರ್ ಒತ್ತಿ ಬಿಟ್ಟ ಮೇಲೆ ಒಮ್ಮೆ ಮೆಲ್ಲಗೆ ಮೇಲಕ್ಕೆ ಮುಟ್ಟಿ ಬಿಡುವುದನ್ನು ರೂಢಿ ಮಾಡಿಕೊಳ್ಳಿ, ಅಲಗಿನಲ್ಲಿ ಸಣ್ಣ ತಡೆ ಇದ್ದರೆ ಅದರಲ್ಲೇ ಬಿಡುತ್ತದೆ. ಆಮೇಲೂ ತುಂಡು ಬೇಕು ಅನಿಸಿದರೆ ಹಾಕಿ.

ಒಂದು 3 ಎಂ.ಎಂ. ಅಲೆನ್ ಕೀಯನ್ನು ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಗಳಿರುವ ತಲೆ ಭಾಗ) ಹಿಂದೆ ಟೇಪ್ ಹಾಕಿ ಅಂಟಿಸಿಡಿ. ಬ್ಯಾಗ್‌ನಲ್ಲಿ ಇಟ್ಟಿದ್ದು ಬೇಕಾದಾಗ ಸಿಕ್ಕಿದ್ದು ನಾನಂತೂ ನೋಡಿಲ್ಲ.